ಧೂಪದ ಗುಡ್ಡಕ್ಕೆ ಬೆಂಕಿ ಇಟ್ಟ ರೇಂಜರು

ರೇಂಜರು ತೀರಿಕೊಂಡರೆಂದು ಶಿರಾದ ಧೂಪದ ವ್ಯಾಪಾರಿ ಬಾಷಾ ಸಾಹೇಬರ ಮಗ ಬಂದು ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ನಿನಗೆ ಯಾರು ಹೇಳಿದ್ದು? ಅವರು ಕಣ್ಣಾರೆ ನೋಡಿದರೋ, ಇನ್ನೊಬ್ಬರ ಬಾಯಲ್ಲಿ ಕೇಳಿದರೋ?" ಎಂಬುದು. ಕೇಳಿ ಮುಗಿಸಿದ ಮೇಲೆ ನನಗೇ ನಗು ಬಂತು. ಅದು ನನ್ನ ಪ್ರಶ್ನೆಯಲ್ಲ, ಸತ್ತವರದು. ಮಧುಗಿರಿಯಲ್ಲಿದ್ದ ಅಷ್ಟು ವರ್ಷವೂ ಯಾರು ಏನೇ ಹೇಳಲಿ, ಅವರು ಮೊದಲು ಕೇಳುತ್ತಿದ್ದದ್ದು ಇದನ್ನೇ. ಮಳೆ ಬರುತ್ತಿದೆ ಎಂದರೂ ಕಿಟಕಿಯಿಂದ ಕೈ ಚಾಚಿ ನೋಡಿಯೇ ಒಪ್ಪುತ್ತಿದ್ದ ಆಸಾಮಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಈ ಮೇಷ್ಟ್ರು ಈಗ ನನ್ನ ಹೆಸರು ಯಾಕೆ ಎತ್ತಿದ, ಇದರಲ್ಲಿ ಇವನಿಗೇನು ಲಾಭ ಎಂದು ಅಲ್ಲಿಂದಲೇ ತನಿಖೆ ಶುರುಮಾಡಿಯಾರು.

ಆಗ ಸೇರು ಹೋಗಿ ಕಿಲೋ ಬಂದ ಹೊಸತು. ನಾನು ಮಧುಗಿರಿಯಲ್ಲಿ ಹೈಸ್ಕೂಲು ಹುಡುಗರಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಪ್ರಯೋಗಶಾಲೆ ಎಂದು ಬೋರ್ಡು ಹಾಕಿದ್ದ ಕೋಣೆಯಲ್ಲಿ ಒಂದು ಬೀರು, ನಾಲ್ಕಾರು ಗಾಜಿನ ಬುದ್ದಲಿ, ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿ, ಇದ್ದಿಲಿನ ಒಲೆ, ಇಷ್ಟೇ ಇದ್ದದ್ದು. ಒಂದು ಮಧ್ಯಾಹ್ನ ಖಾಕಿ ಚಡ್ಡಿ, ಹ್ಯಾಟು, ಕೈಯಲ್ಲೊಂದು ಬೆತ್ತ ಹಿಡಿದ ಮನುಷ್ಯ ಬಾಗಿಲಲ್ಲಿ ನಿಂತು, "ಈ ತಕ್ಕಡಿ ಸರಿಯಾಗಿದೆಯೇ?" ಎಂದರು. ನಮಸ್ಕಾರವಿಲ್ಲ, ಪರಿಚಯವಿಲ್ಲ. ನಾನು ಸರಿಯಾಗಿದೆ ಎಂದೆ. ಅವರು ಜೇಬಿನಿಂದ ತಮ್ಮದೇ ಒಂದು ತೂಕದ ಬಟ್ಟು ತೆಗೆದು ಇಟ್ಟು ನೋಡಿ, "ಪರವಾಗಿಲ್ಲ" ಎಂದರು. ನನ್ನ ಮೈ ಉರಿದುಹೋಯಿತು.

ಅವರು ಬಂದದ್ದು ಧೂಪದ ಅಂಟಿನ ಕೆಲಸಕ್ಕೆ. ಕೊರಟಗೆರೆ ಕಡೆಗೆ ಹೋಗುವಾಗ ಸಿಗುವ ಗುಡ್ಡಗಳಲ್ಲಿ ಒಂದಕ್ಕೆ ಜನ ಧೂಪದ ಗುಡ್ಡ ಎನ್ನುತ್ತಿದ್ದರು. ಅಲ್ಲಿನ ಮರಗಳ ತೊಗಟೆಗೆ ಕಚ್ಚು ಹಾಕಿದರೆ ಅಂಟು ಒಸರುತ್ತದೆ, ಒಣಗಿ ಗಟ್ಟಿಯಾಗುತ್ತದೆ, ಕೆಂಡದ ಮೇಲೆ ಹಾಕಿದರೆ ಘಮಘಮ ಎನ್ನುತ್ತದೆ. ಶಿರಾದ ಸಾಬರ ಅಂಗಡಿಗಳಲ್ಲಿ ಅದಕ್ಕೆ ಲೋಬಾನ ಎಂದು ಹೆಸರು. ರೇಂಜರು ಆ ಗುಡ್ಡವನ್ನು ಎರಡು ಭಾಗ ಮಾಡಿ, ಸಂಕ್ರಾಂತಿ ಕಳೆದ ಮೇಲೆ ಒಂದು ಭಾಗದ ಹುಲ್ಲಿಗೆ ತಾವೇ ನಿಂತು ಬೆಂಕಿ ಇಡಿಸುತ್ತಿದ್ದರು. ಬೆಳಗಿನ ಇಬ್ಬನಿ ಇನ್ನೂ ಆರಿರದ ಹೊತ್ತಿನಲ್ಲಿ ಇಟ್ಟರೆ ಬೆಂಕಿ ಪಾದದ ಮಟ್ಟದಲ್ಲೇ ನಿಧಾನಕ್ಕೆ ಹರಿದುಹೋಗುತ್ತದೆ. ಮರಕ್ಕೆ ಶಾಖ ತಟ್ಟುತ್ತದೆಯೇ ಹೊರತು ಮರ ಸುಡುವುದಿಲ್ಲ. ಇನ್ನೊಂದು ಭಾಗವನ್ನು ಮುಟ್ಟುತ್ತಿರಲಿಲ್ಲ. ಎರಡೂ ಕಡೆಯ ಅಂಟನ್ನು ನೀರಿನ ಆವಿಯಲ್ಲಿ ಬೇಯಿಸಿ, ಅದರಿಂದ ಇಳಿಯುವ ಸುವಾಸನೆಯ ಎಣ್ಣೆ ಎಷ್ಟು, ಉಳಿಯುವ ಗಟ್ಟಿ ರಾಳ ಎಷ್ಟು ಎಂದು ನಾನು ತೂಗಿ ಹೇಳಬೇಕಾಗಿತ್ತು.

ಉತ್ತರದ ಕಡೆ ತರಬೇತಿಗೆ ಹೋಗಿದ್ದಾಗ ಅವರು ಪೈನ್ ಮರದ ಕಾಡು ನೋಡಿದ್ದರಂತೆ. ಅಲ್ಲಿ ಮರಕ್ಕೆ ಗಾಯ ಮಾಡಿ, ಕೆಳಗೆ ಬಟ್ಟಲು ಕಟ್ಟಿ, ಅಂಟು ಇಳಿಸಿ ಟರ್ಪೆಂಟೈನ್ ತೆಗೆಯುತ್ತಾರೆ. ಸೂಜಿಯಂಥ ಒಣ ಎಲೆ ನೆಲದಲ್ಲಿ ಹಾಸಿಕೊಂಡಿರುವುದರಿಂದ ಬೇಸಿಗೆಯಲ್ಲಿ ದೊಡ್ಡ ಕಿಚ್ಚು ಬೀಳದಿರಲಿ ಎಂದು ಚಳಿಗಾಲದಲ್ಲೇ ಸಣ್ಣಗೆ ಸುಟ್ಟುಬಿಡುತ್ತಾರೆ. ಹಾಗೆ ಬಿಸಿ ಕಂಡ ಮರ ಮುಂದಿನ ವರ್ಷ ಹೆಚ್ಚು ಅಂಟು ಸುರಿಸಿದ್ದನ್ನೂ ಅದರ ವಾಸನೆಯೇ ಬೇರೆಯಾದದ್ದನ್ನೂ ತಾವೇ ನೋಡಿದ್ದಾಗಿ ಹೇಳುತ್ತಿದ್ದರು. ನಮ್ಮ ಕಡೆಯ ಧೂಪದ ಮರವೂ ಹಾಗೆಯೋ ಎಂಬುದು ಅವರ ತಲೆಯನ್ನು ತಿನ್ನುತ್ತಿತ್ತು.

"ಮರಕ್ಕೆ ಅಂಟು ಯಾಕೆ ಬೇಕು ಹೇಳಿ ಮೇಷ್ಟ್ರೇ?" ಎಂದು ಒಮ್ಮೆ ಕೇಳಿದರು. ನಾನು ಪುಸ್ತಕದಲ್ಲಿದ್ದದ್ದನ್ನು ಒಪ್ಪಿಸಿದೆ.

"ಅದೆಲ್ಲ ಬಿಡಿ. ಗುಮಾನಿಗೆ. ಹುಳ ಕೊರೆಯುತ್ತೆ, ಯಾವನೋ ಮಚ್ಚು ಹಾಕ್ತಾನೆ. ಗಾಯ ಆದ ಕಡೆ ಅಂಟು ಸುರಿಸಿ ಮುಚ್ಚಿಕೊಳ್ಳುತ್ತೆ. ಒಂದು ಸಲ ಕಾಲಿಗೆ ಬಿಸಿ ತಗುಲಿದ ಮರ ಆಮೇಲೆ ಯಾರನ್ನೂ ನಂಬೋದಿಲ್ಲ. ಅಂಟು ಕೂಡಿಟ್ಟುಕೊಂಡೇ ಇರುತ್ತೆ. ನಂಬಿಕೊಂಡು ಕೂತ ಮರ ಮೊದಲ ಕಿಚ್ಚಿಗೇ ಹೋಗುತ್ತೆ."

"ಬಿಸಿ ಜಾಸ್ತಿಯಾದರೆ?"

"ಸತ್ತುಹೋಗುತ್ತೆ" ಎಂದು ಮಾತು ಮುಗಿಸಿದರು.

ನನಗೆ ತಂದುಕೊಡುತ್ತಿದ್ದ ಅಂಟಿನ ಪೊಟ್ಟಣಗಳ ಮೇಲೆ ಯಾವುದು ಸುಟ್ಟ ಕಡೆಯದು, ಯಾವುದು ಸುಡದ ಕಡೆಯದು ಎಂದು ಬರೆದಿರುತ್ತಿರಲಿಲ್ಲ. ಎಲೆ, ನಕ್ಷತ್ರ, ಬಾತುಕೋಳಿ ಎಂದು ಏನೇನೋ ಚಿತ್ರ. ಗೊತ್ತಿದ್ದರೆ ನಾನು ಅವರನ್ನು ಮೆಚ್ಚಿಸಲು ತೂಕ ಜಾಸ್ತಿ ಹೇಳಿಬಿಡುತ್ತೇನಂತೆ. ಅದನ್ನು ಸಹಿಸಿಕೊಂಡೆ. ಆದರೆ ಒಂದು ದಿನ ಬಾತುಕೋಳಿಗೂ ನಕ್ಷತ್ರಕ್ಕೂ ಬಂದ ಉತ್ತರ ಒಂದೇ ಆಗಿ, ಒಂದೇ ಗಟ್ಟಿಯನ್ನು ಒಡೆದು ಎರಡು ಪೊಟ್ಟಣ ಮಾಡಿ ಕೊಟ್ಟಿದ್ದಾರೆಂದು ತಿಳಿದಾಗ ತಡೆಯಲಾಗಲಿಲ್ಲ.

"ನನ್ನನ್ನೇ ಪರೀಕ್ಷೆ ಮಾಡ್ತೀರೇನ್ರೀ?" ಎಂದೆ.

"ನಿಮ್ಮನ್ನಲ್ಲ, ತಕ್ಕಡಿಯನ್ನ" ಎಂದರು. ಸ್ವಲ್ಪ ತಡೆದು, "ನಿಮ್ಮನ್ನೂ ಸ್ವಲ್ಪ" ಎಂದರು. ಸುಳ್ಳು ಹೇಳಲು ಬಾರದ ಮನುಷ್ಯ.

ಹೋಟೆಲಿನಲ್ಲಿ ಕಾಫಿ ತಂದಿಟ್ಟರೆ ಮೊದಲು ಮೂಸುತ್ತಿದ್ದರು. ಹಾಲಿನವಳು ಹಾಕಿದ ಹಾಲನ್ನು ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟು ಅದು ಜಾರುತ್ತದೋ ನಿಲ್ಲುತ್ತದೋ ನೋಡುತ್ತಿದ್ದರು. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿಯ ತಿರುವಿನ ತನಕ ಬಂದು, ಮತ್ತೆ ವಾಪಸು ಹೋಗಿ ಎಳೆಯುವರು. ಯುಗಾದಿಯ ದಿನ ನಾನು ಕರೆದೆನೆಂದು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನನ್ನ ಹೆಂಡತಿ ಇನ್ನೊಂದು ಒಬ್ಬಟ್ಟು ಬಡಿಸಲು ಬಂದಾಗ, "ಯಾಕೆ ಇಷ್ಟು ಉಪಚಾರ? ಸೌದೆಗೆ ಪರ್ಮಿಟ್ಟೇನಾದರೂ ಬೇಕಾಗಿತ್ತಾ?" ಎಂದು ಕೇಳಿಬಿಟ್ಟರು. ಅವಳು ಒಬ್ಬಟ್ಟನ್ನು ವಾಪಸು ಒಳಗೆ ತೆಗೆದುಕೊಂಡು ಹೋದಳು. ಮುಂದಿನ ಯುಗಾದಿಗೆ ಅವರನ್ನು ಕರೆಯುವ ಮಾತೇ ಏಳಲಿಲ್ಲ.

ಅವರನ್ನೂ ಊರು ನಂಬುತ್ತಿರಲಿಲ್ಲ ಎಂಬುದನ್ನು ಹೇಳಬೇಕು. ಕಾಡು ಕಾಯಬೇಕಾದವನೇ ಕಾಡಿಗೆ ಬೆಂಕಿ ಇಡುತ್ತಾನೆ ಎಂದರೆ ಯಾರಿಗೆ ತಾನೇ ಸರಿಕಾಣುತ್ತದೆ? ಬೆಂಕಿ ಇಟ್ಟರೆ ಅಂಟು ಜಾಸ್ತಿ, ಅಂಟು ಹೋಗುವುದು ಶಿರಾದ ಬಾಷಾ ಸಾಹೇಬರ ಅಂಗಡಿಗೆ, ಆದ್ದರಿಂದ ಇಬ್ಬರದೂ ಒಳಒಪ್ಪಂದ ಎಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತವರು ತೀರ್ಮಾನಿಸಿದ್ದರು. ಒಂದು ಸಲ ರೇಂಜರು ನನ್ನನ್ನೂ ಶಿರಾಕ್ಕೆ ಕರೆದುಕೊಂಡು ಹೋದಾಗ, ಒಳಒಪ್ಪಂದವಿದ್ದರೆ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದುಕೊಂಡೇ ನಾನು ಹೊರಟೆ.

ಬಾಷಾ ಸಾಹೇಬರು ಬಿಳಿ ಗಡ್ಡದ, ಮೃದು ಮಾತಿನ ಮುದುಕರು. ರೇಂಜರು ಚಿತ್ರದ ಪೊಟ್ಟಣಗಳನ್ನು ಮುಂದಿಟ್ಟು, ಯಾವುದು ಸುಟ್ಟ ಕಡೆಯ ಅಂಟು ಹೇಳಿ ಎಂದರು.

"ಹೇಳಿದ್ರೆ ರೇಟು ಜಾಸ್ತಿ ಮಾಡ್ತೀರಿ ಅಲ್ವಾ ಸಾಬ್?" ಎಂದರು ಮುದುಕರು.

"ನಾನು ಮಾರೋಕೆ ಬಂದಿಲ್ಲ."

"ಮಾರೋಕೆ ಬರದೆ ಇರೋರ ಹತ್ರಾನೇ ನಮ್ಗೆ ಭಯ ಇರೋದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರು. ಕೊನೆಗೆ ಮುದುಕರು ಕೆಂಡ ತರಿಸಿ ಒಂದೊಂದೇ ಚಿಟಿಕೆ ಉದುರಿಸಿದರು. "ಇದು ಬೆಂಕಿ ಕಂಡಿದ್ದು. ಮೊದ್ಲು ಮೂಗಿಗೆ ಜೋರಾಗಿ ಹೊಡೀತದೆ, ಆಮೇಲೆ ಸಮಾಧಾನ ಆಗ್ತದೆ" ಎಂದು ಒಂದನ್ನು ಸರಿಯಾಗಿ ಹೇಳಿದರು. ಇನ್ನೊಂದನ್ನು ಪೂರಾ ತಪ್ಪು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ರೇಂಜರು, "ಆ ಸರಿಯಾದದ್ದನ್ನು ನೀವೇನಾದರೂ ಕಣ್ಣಸನ್ನೆ ಮಾಡಿ ಹೇಳಿಕೊಟ್ಟಿರಾ?" ಎಂದರು. ಒಳಒಪ್ಪಂದ ಹುಡುಕಲು ಹೋದ ನಾನೇ ಒಳಒಪ್ಪಂದದವನಾದೆ. ಆದರೂ ನನ್ನ ತಕ್ಕಡಿ ವರ್ಷ ವರ್ಷವೂ ಒಂದೇ ಮಾತು ಹೇಳುತ್ತಿತ್ತು. ಸುಟ್ಟ ಕಡೆಯ ಅಂಟಿನಲ್ಲಿ ಎಣ್ಣೆ ಹೆಚ್ಚು. ಇನ್ನೊಂದು ವರ್ಷ ನೋಡಿ ಮೇಲಿನವರಿಗೆ ಕಳಿಸುತ್ತೇನೆ, ಇನ್ನೊಂದೇ ವರ್ಷ ಎನ್ನುತ್ತಿದ್ದರು. ಬಡ್ತಿಯೂ ಹತ್ತಿರದಲ್ಲಿತ್ತು.

ಆ ಇನ್ನೊಂದು ವರ್ಷದಲ್ಲೇ ಎಡವಟ್ಟಾಯಿತು. ಹಿಂದಿನ ಬೇಸಿಗೆಯಲ್ಲಿ ಅವರು ಗುರುತು ಹಾಕಿದ್ದ ಕೆಲವು ಮರಗಳ ಅಂಟನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ರೇಂಜರ ಅನುಮಾನ ಇದ್ದಿಲಿನ ಹೆಂಗಸರ ಮೇಲೆ ಬಿತ್ತು. ಗುಡ್ಡದಲ್ಲಿ ಬೆಂಕಿ ಇಟ್ಟ ಮಾರನೆಯ ದಿನ ಸುತ್ತಲಿನ ಹಳ್ಳಿಗಳ ಹೆಂಗಸರು ಮಂಕರಿ ಹಿಡಿದು ಬಂದು, ಅರೆಬೆಂದ ಕೊರಡು, ಮೋಟುಗಳಿಂದ ಇದ್ದಿಲು ಆಯ್ದುಕೊಂಡು ಹೋಗುವುದು ಮೊದಲಿನಿಂದ ನಡೆದುಬಂದ ರೂಢಿ. ಮಧುಗಿರಿಯ ಕಮ್ಮಾರರಿಗೂ ಇಸ್ತ್ರಿಯವರಿಗೂ ನನ್ನ ಪ್ರಯೋಗಶಾಲೆಯ ಒಲೆಗೂ ಆ ಇದ್ದಿಲೇ. ಆ ವರ್ಷ ಒಬ್ಬಳನ್ನೂ ಗುಡ್ಡ ಹತ್ತಿಸಕೂಡದು ಎಂದು ರೇಂಜರು ಗಾರ್ಡಿಗೆ ಹುಕುಂ ಮಾಡಿದರು.

ಗಾರ್ಡು ನರಸಪ್ಪ ಬಡವನಹಳ್ಳಿ ಕಡೆಯವನು. ಎಲ್ಲರಿಗೂ ಬೇಕಾದವನು. ಹಾದಿಯಲ್ಲಿ ಯಾರು ಸಿಕ್ಕರೂ ನಿಂತು ಒಂದು ಬೀಡಿ ಹಚ್ಚಿ ಕಷ್ಟಸುಖ ಮಾತಾಡಿಯೇ ಮುಂದೆ ಹೋಗುವವನು. ಎಲ್ಲರಿಗೂ ಬೇಕಾದವನೆಂಬ ಒಂದೇ ಕಾರಣಕ್ಕೆ ರೇಂಜರಿಗೆ ಅವನ ಮೇಲೆ ಅನುಮಾನ. ಆದರೆ ಆ ಸಲ ಅವನು ಹೆದರಿ, ಬೈಸಿಕೊಂಡು, ಕಾಲಿಗೆ ಬಿದ್ದವರನ್ನೂ ಬಿಡದೆ ವಾಪಸು ಕಳಿಸಿದ. ಬೆಂಕಿ ಇಟ್ಟು ಮೂರು ನಾಲ್ಕು ದಿನ ಕಳೆದ ಮೇಲೆ ಒಂದು ಮಟಮಟ ಮಧ್ಯಾಹ್ನ ಗಾಳಿ ಎದ್ದಿತು. ಸುಡದೆ ಬಿಟ್ಟಿದ್ದ ಭಾಗ ಪೂರ್ತಿ ಹೊತ್ತಿ ಉರಿಯಿತು. ನರಸಪ್ಪ ಹಸಿ ಸೊಪ್ಪು ಹಿಡಿದು ಹಳ್ಳಿಯವರ ಜೊತೆ ಬಡಿದೂ ಬಡಿದೂ ಕೈಯೆಲ್ಲ ಬೊಬ್ಬೆ ಬರಿಸಿಕೊಂಡ. ಮರಗಳು ಹೋದವು, ಸೂರಿಗೆ ಹೊದಿಸಲು ಹಳ್ಳಿಯವರು ಕಾದಿಟ್ಟಿದ್ದ ಹುಲ್ಲು ಹೋಯಿತು. ಹೋಲಿಸಿ ನೋಡಲು ಇನ್ನೊಂದು ಭಾಗವೇ ಇಲ್ಲವಾದ್ದರಿಂದ ರೇಂಜರ ಅಷ್ಟು ವರ್ಷದ ಕೆಲಸವೂ ಹೋಯಿತು.

ಸಂಜೆ ಬೂದಿಯಲ್ಲಿ ಓಡಾಡುತ್ತಿದ್ದ ರೇಂಜರಿಗೆ ಒಂದು ಬೀಡಿ ತುಂಡು ಸಿಕ್ಕಿತು. ಅಷ್ಟು ಸಾಕಾಯಿತು. ನರಸಪ್ಪನನ್ನು ಕೆಲಸದಿಂದ ನಿಲ್ಲಿಸಿದರು. ಅರಣ್ಯ ಇಲಾಖೆಯ ದೊಡ್ಡ ಸಾಹೇಬರು ಬಂದು ವಿಚಾರಣೆ ಮಾಡಿ ಪೂರ್ತಿ ತೆಗೆದುಹಾಕುವುದೊಂದೇ ಬಾಕಿ ಎಂದು ಊರೆಲ್ಲ ಆಡಿಕೊಂಡಿತು. ಆ ಸಂಬಳ ನಿಂತರೆ ಅವನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಪಾವಗಡದ ಕಡೆಯವಳಾದ ಅವನ ಹೆಂಡತಿ ನಮ್ಮ ಮನೆ ಬಾಗಿಲಿಗೆ ಬಂದು, "ಆಯಪ್ಪ ಏಮೀ ಚೇಸ್ಲೇದು ಸಾಮಿ. ಏನೂ ಮಾಡಿಲ್ಲ. ನೀವು ರೇಂಜರ್ ಸಾಮಿಗೆ ಬೇಕಾದೋರು, ಒಂದು ಮಾತು ಹೇಳ್ರಿ" ಎಂದು ಅತ್ತಳು. ನಾನು ಹೋಗಿ ಹೇಳಿದೆ.

"ನಿಮಗೆ ಅವನು ಏನಾಗಬೇಕು?" ಎಂದರು ರೇಂಜರು.

"ಏನೂ ಆಗಬೇಕಾಗಿಲ್ಲ."

"ಮತ್ತೆ ಯಾಕೆ ಬಂದಿರಿ?"

ಎದ್ದು ಬಂದೆ. ಇಂಥವರ ಸಹವಾಸವೇ ಬೇಡ ಎನ್ನಿಸಿತ್ತು. ಆದರೆ ವಾರ ಕಳೆಯುವುದರೊಳಗೆ ಅವರೇ ಬಂದರು. ಬೆಂಕಿಗೆ ಮೊದಲು ಆಯ್ದಿಟ್ಟಿದ್ದ ಕೊನೆಯ ಪೊಟ್ಟಣಗಳಿದ್ದವು, ಅವನ್ನಾದರೂ ಬೇಯಿಸಿ ತೂಗಿಬಿಡೋಣ ಎಂದರು. ಒಲೆಗೆ ಇದ್ದಿಲಿರಲಿಲ್ಲ. ಯಾವಾಗಲೂ ತಂದು ಹಾಕುತ್ತಿದ್ದ ತಿಮ್ಮಕ್ಕನಿಗೆ ಹೇಳಿಕಳಿಸಿದೆ. ಅವಳು ತಳ ಕಾಣುವ ಮಂಕರಿ ತಂದು ಕುಕ್ಕಿದಳು.

"ಇಷ್ಟೇಯಾ ತಿಮ್ಮಕ್ಕ?"

"ಇನ್ನೆಲ್ಲಿಂದ ತರಾಣ ಸಾಮಿ? ಗುಡ್ಡ ಅತ್ತಾಕೇ ಬುಡ್ಲಿಲ್ವಲ್ಲ ಈ ಕಿತ. ಇದು ಹೋದ ವರ್ಸದ್ದು, ಮೂಲೇಲಿ ಬಿದ್ದಿತ್ತು" ಎಂದವಳು, ರೇಂಜರು ಅಲ್ಲೇ ಕೂತಿರುವುದನ್ನು ನೋಡಿ ಸೆರಗು ಎಳೆದುಕೊಂಡಳು.

ರೇಂಜರ ಕಿವಿ ನೆಟ್ಟಗಾಯಿತು. "ಗುಡ್ಡದಲ್ಲಿ ನೀವು ಮಾಡೋದೇನು? ಅಂಟು ಕೀಳ್ತೀರಾ?"

"ಅಂಟು ನಮಗ್ಯಾಕೆ ಬುದ್ಧಿ, ಅದ್ನ ತಿನ್ನಾಕಾಗ್ತದಾ? ಇದ್ಲು ಆಯ್ತೀವಿ."

"ಹೇಗೆ ಆಯ್ತೀರಿ? ಅದು ಇನ್ನೂ ಉರಿಯುತ್ತಾ ಇರೋದಿಲ್ವಾ?"

"ಉರೀತಾ ಇರೋದ್ನ ತುಂಬ್ಕಂಡ್ರೆ ಮಂಕರಿ ಸುಟ್ಟೋಗಲ್ವಾ? ಮಣ್ಣು ಎರಚಿ ಆರಿಸ್ಬುಟ್ಟು ತುಂಬ್ಕೋತೀವಿ."

"ಮೋಟುಗಳನ್ನ ಬಿಟ್ಟುಬಿಡ್ತೀರಾ?"

"ಅದ್ನ ಬುಡ್ತೀವಾ? ಒಳ್ಳೆ ಇದ್ಲು ಇರೋದೇ ಮೋಟಿನೊಳಗೆ. ಕೋಲಾಕಿ ಕೆದಕಿ ಎಲ್ಲಾನೂ ಈಚೆಗೆ ಎಳೀತೀವಿ. ಈ ಕಿತ ಅಷ್ಟೂ ಅಲ್ಲೇ ಬೂದಿ ಆಗೋಯ್ತು. ನಮ್ಮ ಹೊಟ್ಟೆ ಮ್ಯಾಲೆ ಹೊಡೆದ್ರಿ ನೀವು."

ಅವಳಿಗೆ ಇದ್ದದ್ದು ಹೋದ ಇದ್ದಿಲಿನ ಸಂಕಟ, ಬೇರೇನೂ ಅಲ್ಲ. ಅವಳು ಹೋದ ಮೇಲೆ ರೇಂಜರು ಹ್ಯಾಟು ಎತ್ತಿಕೊಂಡು, "ಬನ್ನಿ ಮೇಷ್ಟ್ರೇ" ಎಂದರು. ಕೊರಟಗೆರೆಯ ಬಸ್ಸು ಹತ್ತಿ, ಗುಡ್ಡದ ಬುಡದಲ್ಲಿ ಇಳಿದೆವು. ಎರಡು ಭಾಗ ಸೇರುವ ಗಡಿಯ ಉದ್ದಕ್ಕೂ ಅವರು ಬೆತ್ತದಿಂದ ಬೂದಿ ಕೆದಕುತ್ತಾ ನಡೆದರು. ಒಂದು ಕಡೆ ದೊಡ್ಡ ಮೋಟೊಂದು ಒಳಗಿನಿಂದ ಪೂರ್ತಿ ಸುಟ್ಟು ಪೊಳ್ಳಾಗಿತ್ತು. ಅದರ ಬೇರು ಗಡಿಯ ಆಚೆಗೆ ಹಾದಿತ್ತು, ಬೇರಿನ ಜಾಗದಲ್ಲಿ ಬರೀ ಬೂದಿಯ ಕೊಳವೆ. ಆ ಬೂದಿ ಮುಗಿದ ಕಡೆಯಿಂದಲೇ ದೊಡ್ಡ ಬೆಂಕಿ ಬೀಸಣಿಗೆಯಂತೆ ಹರಡಿಕೊಂಡು ಹೋದದ್ದು ಎಂಥವನಿಗೂ ಕಾಣುತ್ತಿತ್ತು.

ಅವರು ಅಲ್ಲೇ ಒಂದು ಬಂಡೆಯ ಮೇಲೆ ಕೂತರು. "ಆ ಹೆಂಗಸರು ಬಂದಿದ್ದರೆ ಈ ಕೆಂಡ ಮಾರನೇ ದಿನವೇ ಮಂಕರಿ ಸೇರುತ್ತಿತ್ತು" ಎಂದರು. ನಾನು ಹೂಂ ಎಂದೆ. ದೊಡ್ಡ ಸಾಹೇಬರ ಮುಂದೆ ಇದನ್ನು ಹೇಳುತ್ತಾರೋ ಇಲ್ಲವೋ ಎಂದು ಅವರ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ನಿಜ ಹೇಳುತ್ತೇನೆ, ನನಗೆ ನಂಬಿಕೆ ಬರಲಿಲ್ಲ. ಬಡ್ತಿ ಬಾಗಿಲಲ್ಲಿ ನಿಂತಿರುವಾಗ, ಬೀಡಿ ತುಂಡು ಕೈಯಲ್ಲೇ ಇರುವಾಗ, ಯಾರು ತಾನೇ ಬಾಯಿ ಬಿಟ್ಟಾರು?

ವಿಚಾರಣೆ ಪ್ರವಾಸಿ ಬಂಗಲೆಯ ಜಗುಲಿಯ ಮೇಲೆ ನಡೆಯಿತು. ನರಸಪ್ಪ ಮೆಟ್ಟಿಲ ಕೆಳಗೆ ಕೈಕಟ್ಟಿ ನಿಂತಿದ್ದ. ಪಟೇಲರು, "ಮನುಷ್ಯ ಒಳ್ಳೇವ್ನೇಯ ಸಾಮಿ, ಆದ್ರೆ ಬೀಡಿ ಸೇದೋದು ದಿಟ" ಎಂದರು. ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡುತ್ತಿದ್ದ ಇನ್ನಿಬ್ಬರು ಗಾರ್ಡುಗಳು ನಾವು ಆವತ್ತು ಆ ಕಡೆ ಇರಲಿಲ್ಲ ಎಂದರು. ಹುಲ್ಲು ಕಳೆದುಕೊಂಡವರು ತಲೆ ಕೆರೆದುಕೊಂಡರು. ಎಲ್ಲರಿಗೂ ಅವನ ಮೇಲೆ ನಂಬಿಕೆ ಇತ್ತು, ಅದನ್ನು ಬಾಯಿಬಿಟ್ಟು ಹೇಳಲು ಒಬ್ಬರಿಗೂ ಧೈರ್ಯವಿರಲಿಲ್ಲ. ಕೊನೆಗೆ ದೊಡ್ಡ ಸಾಹೇಬರು ರೇಂಜರ ಕಡೆ ತಿರುಗಿದರು.

"ಬೆಂಕಿ ಇಡಿಸಿದವನು ನಾನು" ಎಂದರು ರೇಂಜರು. "ಇದ್ದಿಲು ಆಯುವ ಹೆಂಗಸರನ್ನು ತಡೆದವನೂ ನಾನು. ಅವರು ಬಾರದ್ದರಿಂದ ಮೋಟಿನೊಳಗೆ ಕೆಂಡ ಉಳಿಯಿತು. ಗಾಳಿ ಬಂದಾಗ ಅದು ಹೊತ್ತಿಕೊಂಡಿತು. ಈ ಗಾರ್ಡು ನನ್ನ ಮಾತು ಮೀರಿ ಅವರನ್ನು ಒಳಗೆ ಬಿಟ್ಟಿದ್ದರೆ ಗುಡ್ಡ ಉಳಿಯುತ್ತಿತ್ತು. ಅವನು ಮೀರಲಿಲ್ಲ."

"ಆ ಬೀಡಿ?"

ರೇಂಜರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. "ಇದಕ್ಕೆ ಸುತ್ತಿದ ದಾರ ನೋಡಿ. ಕೆಂಪಗೆ ಹಾಗೇ ಇದೆ. ಬೆಂಕಿಗೆ ಮೊದಲೇ ಬಿದ್ದಿದ್ದರೆ ದಾರ ಉಳಿಯುತ್ತಿರಲಿಲ್ಲ. ಬೆಂಕಿ ಆರಿಸಿ ಸುಸ್ತಾಗಿ ಯಾರೋ ಸೇದಿ ಬಿಸಾಕಿದ್ದು ಇದು. ಸಿಕ್ಕಿದ ದಿನ ನಾನು ದಾರ ನೋಡಲೇ ಇಲ್ಲ. ಕಳ್ಳ ಸಿಕ್ಕಿದ ಖುಷಿಯಲ್ಲಿದ್ದೆ."

ನರಸಪ್ಪನಿಗೆ ಕೆಲಸ ವಾಪಸು ಸಿಕ್ಕಿತು. ರೇಂಜರಿಗೆ ಬಡ್ತಿ ತಪ್ಪಿ, ದೂರದ ಯಾವುದೋ ಮರದ ಡಿಪೋಕ್ಕೆ ದಿಮ್ಮಿ ಎಣಿಸುವ ಕೆಲಸಕ್ಕೆ ವರ್ಗವಾಯಿತು. ಇಷ್ಟಾದ ಮೇಲಾದರೂ ಊರು ಅವರನ್ನು ನಂಬಿತೇ ಎಂದರೆ, ಎಲ್ಲಿ ಬಂತು? "ಸುಮ್ ಸುಮ್ನೆ ಯಾವನಾದ್ರೂ ತನ್ನ ಮ್ಯಾಲೆ ಹಾಕ್ಕೋತಾನಾ? ಶಿರಾ ಯವಾರ ಈಚೆಗೆ ಬರ್ದಂಗೆ ಮುಚ್ಚಿದಾನೆ ಕಣ್ಲಾ" ಎಂದು ಅದೇ ಹೋಟೆಲಿನಲ್ಲಿ ಅವೇ ಗಂಟಲುಗಳು ಹೇಳಿದವು. ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ಅನುಮಾನ ಅನ್ನುವುದು ಎಂಥ ಜಾಡ್ಯ ನೋಡಿ, ಇರಬಹುದೇ ಎಂದು ನನಗೂ ಒಂದು ಗಳಿಗೆ ಅನ್ನಿಸಿತು.

ಅವರು ಹೊರಟ ಬೆಳಿಗ್ಗೆ ತುಮಕೂರಿನ ಬಸ್ಸಿಗೆ ಕಳಿಸಲು ನಾನೊಬ್ಬನೇ ಹೋಗಿದ್ದೆ. ಟ್ರಂಕಿನ ಬೀಗ ಎಳೆದು ನೋಡುತ್ತಿದ್ದರು. ಅಷ್ಟರಲ್ಲಿ ನರಸಪ್ಪ ಒಗೆದ ಯೂನಿಫಾರ್ಮು ಹಾಕಿಕೊಂಡು, ಕೈಯಲ್ಲಿ ಒಂದು ಸೇವಂತಿಗೆ ಹಾರ ಹಿಡಿದು ಬಂದ. ರೇಂಜರು ಹಾರ ಮುಟ್ಟಲಿಲ್ಲ. ಅವನು ಅದನ್ನು ಟ್ರಂಕಿನ ಮೇಲಿಟ್ಟು, ಬಹಳ ತಡವರಿಸಿ ಕೇಳಿದ.

"ಸಾಹೇಬ್ರೇ, ನನ್ನ ಉಳಿಸಾಕೆ ಅಂತ ಅಂಗೆ ಹೇಳಿದ್ರಾ?"

"ಇಲ್ಲ. ನಡೆದದ್ದು ಹಾಗೆ, ಅದಕ್ಕೆ ಹೇಳಿದೆ."

"ಈಗ್ಲಾದ್ರೂ ನನ್ನ ಮ್ಯಾಲೆ ನಂಬಿಕೆ ಬಂತಾ ಸಾಹೇಬ್ರೇ?"

ರೇಂಜರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಹೂಂ ಎಂದಿದ್ದರೆ ಏನು ಗಂಟು ಹೋಗುತ್ತಿತ್ತೋ, ಆ ಮನುಷ್ಯನಿಗೆ ಅದೂ ಬರಲಿಲ್ಲ. "ಇಲ್ಲ" ಎಂದು ಬಸ್ಸು ಹತ್ತಿದರು. ಕಂಡಕ್ಟರು ಟ್ರಂಕು ಮೇಲೆ ಹಾಕುವಾಗ ಹಾರ ಕೆಳಗೆ ಬಿತ್ತು. ಬಸ್ಸು ಹೊರಟಿತು.

ನನಗೆ ತಲೆ ಎತ್ತಿ ನರಸಪ್ಪನ ಮುಖ ನೋಡಲು ಸಂಕೋಚವಾಯಿತು. ಬೇಜಾರು ಮಾಡ್ಕೋಬೇಡಪ್ಪ, ಅವರ ಸ್ವಭಾವವೇ ಹಾಗೆ ಎಂದೇನೋ ಸಮಾಧಾನ ಹೇಳಹೊರಟೆ. ಅವನು ಹಾರ ಎತ್ತಿ ದೂಳು ಕೊಡವುತ್ತಿದ್ದ.

"ಬೇಜಾರು ಯಾಕೆ ಮೇಷ್ಟ್ರೇ?" ಎಂದ. "ನನ್ನ ನಂಬಿದ್ದೋರೆಲ್ಲ ಆವತ್ತು ಆ ಜಗಲಿ ಮ್ಯಾಲೆ ಬಾಯಿ ಮುಚ್ಕಂಡು ಕೂತಿದ್ರು. ಮಾತಾಡ್ದೋರು ಈಯಪ್ಪ ಒಬ್ರೇಯ."